ಕೆಂಪು ಕಾರ್ಡು ಹಾಕಿಯೇ ದಾರಿ ಬಿಟ್ಟ ನಾಯಕಿ: ಸಲಿಂಗಿಗಳ ಹಕ್ಕು ಮತ್ತು ಪಕ್ಷಗಳ ನಿಲುವು

2017ರ ಜೂನ್ 26, ಸೋಮವಾರ ಸಂಜೆ. ಬರ್ಲಿನ್‌ನ ಒಂದು ರಂಗಮಂದಿರದಲ್ಲಿ ಮಹಿಳಾ ಪತ್ರಿಕೆಯೊಂದು ಮಾತುಕತೆ ಇಟ್ಟುಕೊಂಡಿತ್ತು. ಜರ್ಮನಿಯ ಚಾನ್ಸಲರ್ ಅಂಗೆಲಾ ಮರ್ಕೆಲ್ ವೇದಿಕೆಯಲ್ಲಿದ್ದರು. ಸಭಿಕರಲ್ಲಿ ಒಬ್ಬ ಎದ್ದು ನಿಂತು ಕೇಳಿದ: ನನ್ನ ಗೆಳೆಯನನ್ನು ನನ್ನ ಗಂಡ ಅಂತ ಕರೆಯೋಕೆ ನನಗೆ ಯಾವಾಗ ಸಾಧ್ಯವಾಗುತ್ತೆ?

ಮರ್ಕೆಲ್ ಅವರ ಸಂಪ್ರದಾಯಸ್ಥ ಸಿಡಿಯು ಪಕ್ಷಕ್ಕೆ ಈ ಪ್ರಶ್ನೆ ಹೊಸದಲ್ಲ. ಹನ್ನೆರಡು ವರ್ಷದಿಂದ ಅಧಿಕಾರದಲ್ಲಿದ್ದ ಪಕ್ಷ ಅದಕ್ಕೆ ಒಂದೇ ಉತ್ತರ ಕೊಡುತ್ತಾ ಬಂದಿತ್ತು: ಆಗಲ್ಲ. ಆದರೆ ಅವತ್ತು ಮರ್ಕೆಲ್ ಸ್ವಲ್ಪ ಸುತ್ತಿ ಬಳಸಿ ಮಾತಾಡಿದರು. ತಮ್ಮ ಕ್ಷೇತ್ರದಲ್ಲಿ ಇಬ್ಬರು ಹೆಂಗಸರು ಜೊತೆಯಾಗಿದ್ದು ಎಂಟು ಮಕ್ಕಳನ್ನು ಸಾಕುತ್ತಿರುವುದನ್ನು ಹೇಳಿದರು. ಕೊನೆಗೆ, ಈ ವಿಷಯ ಪಕ್ಷದ ಆಜ್ಞೆಗಿಂತ ಅವರವರ ಆತ್ಮಸಾಕ್ಷಿಗೆ ಬಿಟ್ಟರೆ ಒಳ್ಳೆಯದೇನೋ ಎಂಬರ್ಥದ ಒಂದು ಮಾತು ತೇಲಿಬಿಟ್ಟರು.

ಅಷ್ಟು ಸಾಕಾಯಿತು. ಸರ್ಕಾರದಲ್ಲಿ ಪಾಲುದಾರರಾಗಿದ್ದ ಎಸ್‌ಪಿಡಿಯವರು ಮಾತು ಕೆಳಗೆ ಬೀಳುವ ಮೊದಲೇ ಹಿಡಿದುಕೊಂಡರು. ಬೇಸಿಗೆ ರಜೆಗೆ ಮುಂಚಿನ ಕೊನೆಯ ಕಲಾಪ ಅದೇ ವಾರ ಶುಕ್ರವಾರ ಇತ್ತು. ಸಲಿಂಗ ಮದುವೆಯ ಮಸೂದೆಯನ್ನು ಅಂದೇ ಮತಕ್ಕೆ ಹಾಕಿಸಿದರು. ಜರ್ಮನಿಯ ಸಂಸತ್ತಿನಲ್ಲಿ ಹೆಸರು ಹಿಡಿದು ಮತ ಹಾಕುವಾಗ ಬಣ್ಣದ ಕಾರ್ಡು ಬಳಸುತ್ತಾರೆ. ನೀಲಿ ಅಂದರೆ ಹೌದು, ಕೆಂಪು ಅಂದರೆ ಇಲ್ಲ, ಬಿಳಿ ಅಂದರೆ ತಟಸ್ಥ. ಮರ್ಕೆಲ್ ಹಾಕಿದ್ದು ಕೆಂಪು ಕಾರ್ಡು. ಮಸೂದೆ 393ಕ್ಕೆ 226ರಿಂದ ಪಾಸಾಯಿತು. ಆ 226ರಲ್ಲಿ ಒಂದು ಮತ ಬಿಟ್ಟರೆ ಉಳಿದದ್ದೆಲ್ಲ ಮರ್ಕೆಲ್ ಬಣದ್ದೇ. ಅವರ ಬಣದ 75 ಮಂದಿ ಮಾತ್ರ ನೀಲಿ ಕಾರ್ಡು ಹಾಕಿದ್ದರು.

ಹಾಗಾದರೆ ಮರ್ಕೆಲ್ ಸೋತರಾ? ಸೆಪ್ಟೆಂಬರಿನಲ್ಲಿ ಚುನಾವಣೆ ಇತ್ತು. ಮುಂದೆ ಮೈತ್ರಿಗೆ ಬೇಕಾಗಬಹುದಾದ ಮೂರೂ ಪಕ್ಷಗಳು, ಅಂದರೆ ಗ್ರೀನ್ಸ್, ಎಫ್‌ಡಿಪಿ, ಎಸ್‌ಪಿಡಿ, ಸಲಿಂಗ ಮದುವೆಗೆ ಒಪ್ಪದಿದ್ದರೆ ಮೈತ್ರಿ ಇಲ್ಲ ಅಂತ ಆಗಲೇ ಹೇಳಿದ್ದವು. ಈಗ ಆ ತಲೆನೋವು ಚುನಾವಣೆಗೆ ಮೊದಲೇ ಮುಗಿಯಿತು. ಸಂಪ್ರದಾಯಸ್ಥ ಮತದಾರರಿಗೆ ತೋರಿಸಲು ಕೆಂಪು ಕಾರ್ಡೂ ಇತ್ತು. ಹಾವು ಸಾಯಬೇಕು, ಕೋಲು ಮುರಿಯಬಾರದು ಅಂತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪಕ್ಷಗಳು ಕಾಲ ಬದಲಾದಂತೆ ಮನಸ್ಸು ಬದಲಿಸಿದವು ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹತ್ತಿರ ಹೋಗಿ ನೋಡಿದರೆ ಬೇರೆಯೇ ಕಾಣುತ್ತದೆ. ಹೆಚ್ಚಿನ ಪಕ್ಷಗಳು 'ನಾವು ತಪ್ಪಿದ್ದೆವು' ಅಂತ ಹೇಳದೆಯೇ ಆಚೆ ಬರುವ ಒಂದು ಬಾಗಿಲು ಹುಡುಕುತ್ತವೆ. ಆತ್ಮಸಾಕ್ಷಿಯ ಮತ ಅಂಥ ಒಂದು ಬಾಗಿಲು. ಕೋರ್ಟು ಇನ್ನೊಂದು. ಜನಮತಗಣನೆ ಮತ್ತೊಂದು. ಬಾಗಿಲು ಸಿಗುವವರೆಗೂ ಅವು ಅಡ್ಡಗೋಡೆ ಮೇಲೆ ದೀಪ ಇಟ್ಟುಕೊಂಡೇ ಕೂತಿರುತ್ತವೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಗೊಂದಲ ಆಗುತ್ತದೆ. 'ಸಲಿಂಗಿಗಳ ಹಕ್ಕು' ಅನ್ನುವುದು ಒಂದೇ ಬೇಡಿಕೆ ಅಲ್ಲ. ನಮ್ಮನ್ನು ಜೈಲಿಗೆ ಹಾಕಬೇಡಿ ಅನ್ನುವುದು ಮೊದಲನೆಯದು. ಕೆಲಸದಿಂದ, ಬಾಡಿಗೆ ಮನೆಯಿಂದ, ಸೈನ್ಯದಿಂದ ಓಡಿಸಬೇಡಿ ಅನ್ನುವುದು ಎರಡನೆಯದು. ನಮ್ಮ ಸಂಬಂಧಕ್ಕೆ ಕಾನೂನಿನ ಮಾನ್ಯತೆ ಕೊಡಿ ಅನ್ನುವುದು ಮೂರನೆಯದು. ಮೊದಲನೆಯದಕ್ಕೆ ಹೂಂ ಅಂದ ಪಕ್ಷ ಮೂರನೆಯದಕ್ಕೆ ಐವತ್ತು ವರ್ಷ ಊಹೂಂ ಅಂದದ್ದಿದೆ. ಹಾಗೆಯೇ 'ನಿಲುವು' ಕೂಡ ಒಂದೇ ಕಡೆ ಇರಲ್ಲ. ಪ್ರಣಾಳಿಕೆಯಲ್ಲಿ ಬರೆಯುವುದು ಒಂದು, ಸದನದಲ್ಲಿ ಕೈ ಎತ್ತುವುದು ಇನ್ನೊಂದು, ಅಧಿಕಾರ ಸಿಕ್ಕಾಗ ಮಾಡುವುದು ಮತ್ತೊಂದು.

ಯಾರೂ ತಮ್ಮದು ಅನ್ನದ ಕಾನೂನು

ಬ್ರಿಟನ್ನಿನಲ್ಲಿ ಈ ಆಟ ತುಂಬಾ ಚೆನ್ನಾಗಿ ಕಾಣುತ್ತದೆ. ಅಲ್ಲಿ ಗಂಡಸರ ನಡುವಿನ ಲೈಂಗಿಕ ಸಂಬಂಧ ಅಪರಾಧವಾಗಿತ್ತು. 1957ರಲ್ಲಿ ಸರ್ಕಾರವೇ ನೇಮಿಸಿದ್ದ ವೂಲ್ಫೆಂಡನ್ ಸಮಿತಿ, ವಯಸ್ಕರು ಒಪ್ಪಿಕೊಂಡು ಖಾಸಗಿಯಾಗಿ ಇದ್ದರೆ ಅದು ಅಪರಾಧ ಆಗಬಾರದು ಅಂತ ಹೇಳಿತು. ವರದಿ ಬಂತು, ಕಾನೂನು ಬದಲಾಗಲು ಹತ್ತು ವರ್ಷ ಹಿಡಿಯಿತು. ಎರಡು ದೊಡ್ಡ ಪಕ್ಷಗಳಲ್ಲಿ ಯಾವುದಕ್ಕೂ ಅದನ್ನು ತನ್ನದು ಅಂತ ಎತ್ತಿಕೊಳ್ಳುವ ಧೈರ್ಯ ಇರಲಿಲ್ಲ.

ಕೊನೆಗೆ 1967ರಲ್ಲಿ ಕಾನೂನು ಬದಲಾದದ್ದು ಲೇಬರ್ ಪಕ್ಷದ ಸಂಸದ ಲಿಯೋ ಆಬ್ಸಿ ತಂದ ಖಾಸಗಿ ಮಸೂದೆಯಿಂದ. ಸರ್ಕಾರದ ಮಸೂದೆ ಅಲ್ಲ ಅದು. ಮಾಮೂಲಿಯಾಗಿ ಪಕ್ಷ ತನ್ನ ಸಂಸದರಿಗೆ ವಿಪ್ ಕೊಡುತ್ತದೆ, ಹೀಗೇ ಮತ ಹಾಕಬೇಕು ಅಂತ. ಇಲ್ಲಿ ವಿಪ್ ಇಲ್ಲ, ಅವರವರ ಆತ್ಮಸಾಕ್ಷಿ. ಗೃಹಮಂತ್ರಿ ರಾಯ್ ಜೆಂಕಿನ್ಸ್ ಮಾಡಿದ್ದು ಇಷ್ಟೇ: ಚರ್ಚೆಗೆ ಸಮಯ ಸಿಗುವಂತೆ ನೋಡಿಕೊಂಡರು. ಸುಮ್ನೆ ಇಷ್ಟೇ ಅಂದೆ, ಆದರೆ ಸಂಸತ್ತಿನಲ್ಲಿ ಸಮಯ ಕೊಡುವುದೇ ದೊಡ್ಡ ಸಹಾಯ. ಸಮಯ ಸಿಗದೆ ಸತ್ತ ಖಾಸಗಿ ಮಸೂದೆಗಳಿಗೆ ಲೆಕ್ಕವಿಲ್ಲ.

ಬದಲಾದದ್ದೂ ಅರೆಬರೆಯೇ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ, ಅದೂ 21 ದಾಟಿದವರಿಗೆ. ಸ್ಕಾಟ್ಲೆಂಡ್ 1980ರವರೆಗೆ ಕಾಯಿತು. ಉತ್ತರ ಐರ್ಲೆಂಡ್ 1982ರಲ್ಲಿ ಬದಲಾಯಿತು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹಿಂದಿನ ವರ್ಷ ಕಿವಿ ಹಿಂಡಿದ ಮೇಲೆ.

ಆಬ್ಸಿ ಮಸೂದೆಯ ಪರ ನಿಂತ ಕೆಲವೇ ಕನ್ಸರ್ವೇಟಿವ್ ಸಂಸದರಲ್ಲಿ ಮಾರ್ಗರೆಟ್ ಥ್ಯಾಚರ್ ಒಬ್ಬರು. ಹೌದು, ಅದೇ ಥ್ಯಾಚರ್. ಇಪ್ಪತ್ತು ವರ್ಷದ ನಂತರ, 1987ರ ಪಕ್ಷದ ಅಧಿವೇಶನದಲ್ಲಿ ಪ್ರಧಾನಿಯಾಗಿ ಅವರು ದೂರಿದ್ದು ಹೀಗೆ: ಮಕ್ಕಳಿಗೆ ಸಂಪ್ರದಾಯದ ಮೌಲ್ಯ ಕಲಿಸುವ ಬದಲು, ಗೇ ಆಗಿರುವುದು ಅವರ ಹಕ್ಕು ಅಂತ ಕಲಿಸಲಾಗುತ್ತಿದೆ. ಮರುವರ್ಷ ಸೆಕ್ಷನ್ 28 ಬಂತು. ಸ್ಥಳೀಯ ಸಂಸ್ಥೆಗಳು ಸಲಿಂಗಕಾಮವನ್ನು 'ಉತ್ತೇಜಿಸ'ಬಾರದು ಅನ್ನುವ ಕಾನೂನು ಅದು. ಅದರಡಿ ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಆದರೆ ಶಾಲೆಗಳಲ್ಲಿ ಮೇಷ್ಟ್ರುಗಳು ಬಾಯಿಗೆ ಬೀಗ ಹಾಕಿಕೊಂಡರು. ಗೇಲಿಗೆ ಸಿಕ್ಕ ಹುಡುಗನ ಪರ ಮಾತಾಡಿದರೂ ಎಲ್ಲಿ 'ಉತ್ತೇಜನ' ಅಂದುಬಿಡುತ್ತಾರೋ ಅನ್ನುವ ಹೆದರಿಕೆ.

ಲೇಬರ್ ಪಕ್ಷ ಆಗ ಏನು ಮಾಡುತ್ತಿತ್ತು? ಸೆಕ್ಷನ್ 28ರ ಪ್ರಸ್ತಾಪ ಬಂದಾಗ ಅದರ ಮುಂದಿನ ಸಾಲಿನ ನಾಯಕರು ಮೊದಲಿಗೆ ವಿರೋಧಿಸಲೇ ಇಲ್ಲ. ಹೆದರಿಕೆಗೆ ಕಾರಣ ಇತ್ತು. 1983ರಲ್ಲಿ ಲಂಡನ್ನಿನ ಬರ್ಮಂಡ್ಸಿ ಉಪಚುನಾವಣೆಯಲ್ಲಿ ಪೀಟರ್ ಟ್ಯಾಚೆಲ್ ಲೇಬರ್ ಅಭ್ಯರ್ಥಿಯಾಗಿದ್ದರು. ಅವರು ಸಲಿಂಗಿ ಅನ್ನುವುದನ್ನೇ ಹಿಡಿದುಕೊಂಡು ನಡೆದ ಪ್ರಚಾರ ಬ್ರಿಟನ್ನಿನ ಚುನಾವಣಾ ಚರಿತ್ರೆಯಲ್ಲೇ ಹೊಲಸು ಪ್ರಚಾರಗಳಲ್ಲೊಂದು. ಲೇಬರ್‌ನ ಭದ್ರಕೋಟೆಯಲ್ಲಿ ಗೆದ್ದದ್ದು ಲಿಬರಲ್ ಪಕ್ಷದ ಸೈಮನ್ ಹ್ಯೂಸ್. 2006ರಲ್ಲಿ ಅದೇ ಹ್ಯೂಸ್, ತನಗೂ ಗಂಡಸರ ಜೊತೆ ಸಂಬಂಧ ಇತ್ತು ಅಂತ ಒಪ್ಪಿಕೊಂಡು, ಆ ಪ್ರಚಾರಕ್ಕೆ ಕ್ಷಮೆ ಕೇಳಿದರು.

ಲೇಬರ್ ಒಳಗೆ ಗಾಳಿ ತಿರುಗಿಸಿದವರು ಯಾರು ಗೊತ್ತಾ? ಗಣಿ ಕಾರ್ಮಿಕರು. 1984-85ರ ಮುಷ್ಕರದಲ್ಲಿ ಥ್ಯಾಚರ್ ಸರ್ಕಾರದ ಎದುರು ಅವರು ತಿಂಗಳುಗಟ್ಟಲೆ ಸಂಬಳ ಇಲ್ಲದೆ ನಿಂತಿದ್ದರು. ಲಂಡನ್ನಿನ ಒಂದಿಷ್ಟು ಗೇ, ಲೆಸ್ಬಿಯನ್ ಹುಡುಗ ಹುಡುಗಿಯರು ಬಕೆಟ್ ಹಿಡಿದು ಬೀದಿಯಲ್ಲಿ ಚಂದಾ ಎತ್ತಿ, ದಕ್ಷಿಣ ವೇಲ್ಸ್‌ನ ಡುಲೈಸ್ ಕಣಿವೆಯ ಕಾರ್ಮಿಕರಿಗೆ ಕಳಿಸಿದರು. ಪೊಲೀಸರ ಲಾಠಿ, ಪತ್ರಿಕೆಗಳ ಬೈಗುಳ ಎರಡೂ ಕಡೆಯವರಿಗೂ ಪರಿಚಯವಿದ್ದದ್ದೇ. ಗಣಿ ಊರಿನವರು ಲಂಡನ್ನಿಗೆ ಬಂದರು, ಇವರು ಅಲ್ಲಿಗೆ ಹೋದರು, ಮನೆಗಳಲ್ಲಿ ಉಳಿದರು. ಮುಷ್ಕರ ಸೋತಿತು. ಆದರೆ 1985ರಲ್ಲಿ ಲಂಡನ್ನಿನ ಸಲಿಂಗಿಗಳ ಪ್ರೈಡ್ ಮೆರವಣಿಗೆಯಲ್ಲಿ ಗಣಿ ಕಾರ್ಮಿಕರು ತಮ್ಮ ಸಂಘದ ಬ್ಯಾನರ್ ಹಿಡಿದು ಮುಂದೆ ನಡೆದರು.

ಅದು ಬರೀ ಕಣ್ಣಲ್ಲಿ ನೀರು ತರಿಸುವ ಕಥೆಯಾಗಿ ಮುಗಿಯಲಿಲ್ಲ. ಆಗಿನ ಲೇಬರ್ ಅಧಿವೇಶನದಲ್ಲಿ ಕಾರ್ಮಿಕ ಸಂಘಗಳು ತಮ್ಮ ಸದಸ್ಯರ ಪರವಾಗಿ ಗುಂಪಾಗಿ ಮತ ಹಾಕುತ್ತಿದ್ದವು. ಒಂದು ದೊಡ್ಡ ಸಂಘ ಕೈ ಎತ್ತಿದರೆ ಲಕ್ಷಗಟ್ಟಲೆ ಮತ ಬಿದ್ದ ಹಾಗೆ. 1985ರ ಅಧಿವೇಶನದಲ್ಲಿ ಗೇ ಮತ್ತು ಲೆಸ್ಬಿಯನ್ ಹಕ್ಕುಗಳನ್ನು ಬೆಂಬಲಿಸುವ ನಿರ್ಣಯ ಪಾಸಾಯಿತು, ಗಣಿ ಕಾರ್ಮಿಕರ ಸಂಘ ಅದರ ಬೆನ್ನಿಗೆ ನಿಂತಿತ್ತು. ನಿರ್ಣಯ ಕಾನೂನಾಗಲು ಮತ್ತೆ ಕಾಯಬೇಕಾಯಿತು. 1997ರಲ್ಲಿ ಅಧಿಕಾರಕ್ಕೆ ಬಂದ ಲೇಬರ್, 2000ದಲ್ಲಿ ಸಮ್ಮತಿಯ ವಯಸ್ಸನ್ನು ಎಲ್ಲರಿಗೂ ಒಂದೇ ಮಾಡಿತು. 2003ರಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ಸೆಕ್ಷನ್ 28 ತೆಗೆಯಿತು. 2004ರಲ್ಲಿ ಸಿವಿಲ್ ಪಾರ್ಟ್‌ನರ್‌ಶಿಪ್ ತಂದಿತು, ಅಂದರೆ ಮದುವೆಯ ಹಕ್ಕುಗಳಲ್ಲಿ ಹೆಚ್ಚಿನವು, ಮದುವೆ ಅನ್ನುವ ಹೆಸರೊಂದು ಬಿಟ್ಟು.

ಹೆಸರನ್ನೂ ಕೊಟ್ಟದ್ದು ಕನ್ಸರ್ವೇಟಿವ್ ಪ್ರಧಾನಿ ಡೇವಿಡ್ ಕ್ಯಾಮರಾನ್. 2009ರಲ್ಲಿ ಅವರು ಸೆಕ್ಷನ್ 28ಕ್ಕೆ ಪಕ್ಷದ ಪರವಾಗಿ ಕ್ಷಮೆ ಕೇಳಿದ್ದರು. 2011ರ ಅಧಿವೇಶನದಲ್ಲಿ, ಕನ್ಸರ್ವೇಟಿವ್ ಆಗಿದ್ದೂ ಸಲಿಂಗ ಮದುವೆಯನ್ನು ಬೆಂಬಲಿಸುತ್ತಿಲ್ಲ, ಕನ್ಸರ್ವೇಟಿವ್ ಆಗಿರುವುದರಿಂದಲೇ ಬೆಂಬಲಿಸುತ್ತಿದ್ದೇನೆ ಎಂದರು. ಸಂಸಾರ, ಬದ್ಧತೆ, ಜವಾಬ್ದಾರಿ ಒಳ್ಳೆಯದು ಅನ್ನುವ ಪಕ್ಷ ಜೋಡಿಗಳನ್ನು ಯಾಕೆ ತಡೆಯಬೇಕು ಅನ್ನುವ ತರ್ಕ. ಜಾಣತನದ ತರ್ಕ ಅದು. ಪಕ್ಷದ ಹಳೇ ಮೌಲ್ಯವನ್ನು ಬಿಡದೆ ಅದರೊಳಗಿಂದಲೇ ಹೊಸ ದಾರಿ ತೆಗೆದರು. ಆದರೂ 2013ರ ಫೆಬ್ರವರಿಯಲ್ಲಿ 400ಕ್ಕೆ 175ರಿಂದ ಮಸೂದೆ ಮುಂದೆ ಹೋದಾಗ, ಕ್ಯಾಮರಾನ್ ಪಕ್ಷದಲ್ಲೇ ವಿರೋಧಿಸಿದವರು ಜಾಸ್ತಿ, 136 ಮಂದಿ. ಮಸೂದೆಯನ್ನು ದಡ ಸೇರಿಸಿದ್ದು ವಿರೋಧ ಪಕ್ಷ.

ನಡುರಾತ್ರಿಯ ಸಹಿ

ಅಮೆರಿಕದಲ್ಲಿ ಇವತ್ತು ಡೆಮಾಕ್ರಾಟ್ ಅಂದರೆ ಪರ, ರಿಪಬ್ಲಿಕನ್ ಅಂದರೆ ವಿರೋಧ ಅನ್ನುವಷ್ಟು ಗೆರೆ ಸ್ಪಷ್ಟ ಇದೆ. ಯಾವಾಗಲೂ ಹೀಗಿರಲಿಲ್ಲ.

1972ರ ಡೆಮಾಕ್ರಾಟಿಕ್ ಅಧಿವೇಶನದಲ್ಲಿ ಜಿಮ್ ಫಾಸ್ಟರ್ ಮತ್ತು ಮ್ಯಾಡಲಿನ್ ಡೇವಿಸ್ ಸಲಿಂಗಿಗಳ ಹಕ್ಕಿನ ಪರ ಮಾತಾಡಿದರು. ಅವರಿಗೆ ಸರದಿ ಸಿಕ್ಕಿದ್ದು ಬೆಳಗಿನ ಜಾವ, ಟಿವಿ ಮುಂದೆ ಕೂತಿದ್ದವರು ಮಲಗಿದ ಮೇಲೆ. ಪ್ರಸ್ತಾಪ ಬಿದ್ದುಹೋಯಿತು. 1980ರಲ್ಲಿ ಪಕ್ಷದ ಪ್ರಣಾಳಿಕೆಗೆ ಸಲಿಂಗಿಗಳ ವಿರುದ್ಧ ತಾರತಮ್ಯ ಬೇಡ ಅನ್ನುವ ಮಾತು ಸೇರಿತು.

ಆ ಕಡೆ 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೇ, ಲೆಸ್ಬಿಯನ್ ಶಿಕ್ಷಕರನ್ನು ಸರ್ಕಾರಿ ಶಾಲೆಗಳಿಂದ ತೆಗೆದುಹಾಕಬೇಕು ಅನ್ನುವ ಪ್ರಸ್ತಾಪ ಜನರ ಮತಕ್ಕೆ ಬಂತು. ಅದನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಮಾಜಿ ಗವರ್ನರ್ ರೊನಾಲ್ಡ್ ರೇಗನ್ ಕೂಡ ಇದ್ದರು. ಅಧ್ಯಕ್ಷ ಪದವಿಗೆ ತಯಾರಿ ನಡೆಸುತ್ತಿದ್ದ ರಿಪಬ್ಲಿಕನ್ ನಾಯಕ! ಪ್ರಸ್ತಾಪ ಸೋತಿತು. ಮರುವರ್ಷವೇ ಜೆರ್ರಿ ಫಾಲ್ವೆಲ್ ಎಂಬ ಪಾದ್ರಿ 'ಮಾರಲ್ ಮೆಜಾರಿಟಿ' ಸಂಘಟನೆ ಕಟ್ಟಿದರು. ಅಲ್ಲಿಯವರೆಗೆ ರಾಜಕೀಯದಿಂದ ಒಂದು ಮಾರು ದೂರ ಇದ್ದ ಇವಾಂಜೆಲಿಕಲ್ ಕ್ರೈಸ್ತರು ರಿಪಬ್ಲಿಕನ್ ಪಕ್ಷದ ಬೆನ್ನೆಲುಬಾದರು. ಪಕ್ಷ ಅವರ ಕಡೆ ವಾಲಿತು. 1992ರ ಹೊತ್ತಿಗೆ ಅಧಿವೇಶನದ ವೇದಿಕೆಯಿಂದಲೇ ಪ್ಯಾಟ್ ಬ್ಯುಕ್ಯಾನನ್ 'ಸಾಂಸ್ಕೃತಿಕ ಯುದ್ಧ' ಘೋಷಿಸುವಷ್ಟು. ಪಕ್ಷದ ನಿಲುವು ಬದಲಾಗುವುದಕ್ಕೆ ಎಷ್ಟೋ ಸಲ ಒಳಗಿನವರ ಮನಸ್ಸು ಬದಲಾಗಬೇಕಿಲ್ಲ, ಒಳಗೆ ಬರುವವರು ಬದಲಾದರೆ ಸಾಕು.

ಡೆಮಾಕ್ರಾಟರೂ ನೇರ ಹೋಗಲಿಲ್ಲ. 1996ರಲ್ಲಿ, ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಮದುವೆ ಅಂದರೆ ಗಂಡು ಹೆಣ್ಣಿನದ್ದು ಮಾತ್ರ ಅನ್ನುವ ಕಾನೂನು ಬಂತು. ಡೋಮಾ ಅಂತ ಕರೆಯುತ್ತಾರೆ. ಸೆನೆಟ್‌ನಲ್ಲಿ 85ಕ್ಕೆ 14, ಕೆಳಮನೆಯಲ್ಲಿ 342ಕ್ಕೆ 67. ಅಂದರೆ ಡೆಮಾಕ್ರಾಟರ ದೊಡ್ಡ ಪಾಲೂ ಹೂಂ ಅಂದಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ್ದು ನಡುರಾತ್ರಿ ದಾಟಿದ ಮೇಲೆ, ಕ್ಯಾಮೆರಾ ಇಲ್ಲದೆ. ಈ ವಿಷಯಕ್ಕೂ ಆ ಪಕ್ಷದ ನಡುರಾತ್ರಿಗೂ ಏನೋ ನಂಟು! ತಮಾಷೆ ಅಂದರೆ, ಹೀಗೆ ಕದ್ದು ಹಾಕಿದ ಸಹಿಯನ್ನು ಅವರ ಚುನಾವಣಾ ತಂಡ ಕ್ರೈಸ್ತ ರೇಡಿಯೋಗಳಲ್ಲಿ ಜಾಹೀರಾತು ಕೊಟ್ಟು ಹೇಳಿಕೊಂಡಿತು. ಗಲಾಟೆಯಾದ ಮೇಲೆ ವಾಪಸ್ ತೆಗೆಯಿತು.

ಬರಾಕ್ ಒಬಾಮಾ ಕಥೆ ಇನ್ನೂ ಸ್ವಾರಸ್ಯ. 1996ರಲ್ಲಿ ರಾಜ್ಯ ಸೆನೆಟ್‌ಗೆ ನಿಂತಾಗ ಒಂದು ಪತ್ರಿಕೆಯ ಪ್ರಶ್ನಾವಳಿಯಲ್ಲಿ ಸಲಿಂಗ ಮದುವೆಗೆ ಬೆಂಬಲ ಅಂತ ಬರೆದುಕೊಟ್ಟಿದ್ದರು. 2008ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ ಮದುವೆ ಅಂದರೆ ಗಂಡು ಹೆಣ್ಣಿನ ನಡುವಿನದ್ದು ಎಂದರು. 2012ರ ಮೇ 9ರಂದು ಮತ್ತೆ ಬೆಂಬಲ ಘೋಷಿಸಿದರು. ಅದೂ ಉಪಾಧ್ಯಕ್ಷ ಜೋ ಬೈಡನ್ ಮೂರು ದಿನ ಮುಂಚೆ ಟಿವಿಯಲ್ಲಿ ಬಾಯಿಬಿಟ್ಟ ಮೇಲೆ. ನಡುವಿನ ನಿಲುವು ಚುನಾವಣೆಗಾಗಿ ಹಾಕಿಕೊಂಡ ವೇಷ ಅಂತ ಒಬಾಮಾ ಅವರ ಹತ್ತಿರದ ಸಲಹೆಗಾರ ಡೇವಿಡ್ ಆಕ್ಸೆಲ್‌ರಾಡ್ ಆಮೇಲೆ ಹೆಚ್ಚುಕಡಿಮೆ ಒಪ್ಪಿಕೊಂಡರು. ಒಬಾಮಾ ಎರಡು ಸಲ ನಿಲುವು ಬದಲಿಸಿದರೋ, ಒಂದು ಸಲವೂ ಬದಲಿಸಲಿಲ್ಲವೋ, ನೀವೇ ಹೇಳಿ. ಆ ವರ್ಷವೇ ಡೆಮಾಕ್ರಾಟರ ಪ್ರಣಾಳಿಕೆಯಲ್ಲಿ ಸಲಿಂಗ ಮದುವೆ ಮೊದಲ ಬಾರಿ ಜಾಗ ಪಡೆಯಿತು.

ಇದರ ಹಿಂದೆ ಜನರ ಅಭಿಪ್ರಾಯ ಓಡುತ್ತಿತ್ತು. ಗ್ಯಾಲಪ್ ಸಮೀಕ್ಷೆಯಲ್ಲಿ 1996ರಲ್ಲಿ ಸಲಿಂಗ ಮದುವೆಗೆ ಬೆಂಬಲ ಶೇ. 27 ಇತ್ತು. 2025ರಲ್ಲಿ ಶೇ. 68. ಇಷ್ಟು ಬೇಗ ಇಷ್ಟು ದೊಡ್ಡ ಬದಲಾವಣೆ ಅಲ್ಲಿನ ರಾಜಕೀಯದಲ್ಲಿ ಅಪರೂಪ. ದೊಡ್ಡ ಕಾರಣ ಸಿದ್ಧಾಂತ ಅಲ್ಲ, ಪರಿಚಯ. ಜನ ತಮ್ಮ ಮನೆಯವರಿಗೆ, ಸಹೋದ್ಯೋಗಿಗಳಿಗೆ ಹೇಳಿಕೊಳ್ಳತೊಡಗಿದರು. ನಾಯಕರ ಮನೆಗೂ ಇದು ಬಂತು. ರಿಪಬ್ಲಿಕನ್ ಉಪಾಧ್ಯಕ್ಷ ಡಿಕ್ ಚೆನಿ ಮಗಳು ಲೆಸ್ಬಿಯನ್. 2004ರಲ್ಲಿ ಅವರ ಅಧ್ಯಕ್ಷರೇ ಸಲಿಂಗ ಮದುವೆ ನಿಷೇಧಿಸಲು ಸಂವಿಧಾನ ತಿದ್ದಬೇಕು ಅನ್ನುತ್ತಿದ್ದಾಗ, ಚೆನಿ ಸ್ವಾತಂತ್ರ್ಯ ಅಂದರೆ ಎಲ್ಲರಿಗೂ ಸ್ವಾತಂತ್ರ್ಯ ಎಂದರು. ಸೆನೆಟರ್ ರಾಬ್ ಪೋರ್ಟ್‌ಮನ್ ಡೋಮಾಗೆ ಮತ ಹಾಕಿದ್ದವರು. ಮಗ ತಾನು ಗೇ ಅಂದ ಮೇಲೆ 2013ರಲ್ಲಿ ನಿಲುವು ಬದಲಿಸಿದರು.

2015ರ ಜೂನ್ 26ರಂದು ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಇಡೀ ದೇಶಕ್ಕೆ ಸಲಿಂಗ ಮದುವೆ ಕಾನೂನು ಮಾಡಿತು. ಬಹಳ ರಿಪಬ್ಲಿಕನ್ ನಾಯಕರು ಒಳಗೊಳಗೇ ನಿಟ್ಟುಸಿರು ಬಿಟ್ಟಿರಬೇಕು ಅನ್ನುವುದು ನನ್ನ ಊಹೆ. ಬೈಯಲು ಕೋರ್ಟು ಇತ್ತು, ತಾವು ಮತ ಹಾಕಬೇಕಾಗಿರಲಿಲ್ಲ. 2022ರಲ್ಲಿ ಸಂಸತ್ತೇ ಡೋಮಾ ರದ್ದು ಮಾಡಿ ಸಲಿಂಗ ಮದುವೆಗಳಿಗೆ ರಕ್ಷಣೆ ಕೊಟ್ಟಾಗ 39 ರಿಪಬ್ಲಿಕನ್ ಪ್ರತಿನಿಧಿಗಳು, 12 ಸೆನೆಟರ್‌ಗಳು ಪರವಾಗಿದ್ದರು. ಸಹಿ ಹಾಕಿದ ಅಧ್ಯಕ್ಷ ಜೋ ಬೈಡನ್, 1996ರಲ್ಲಿ ಡೋಮಾ ಪರ ಮತ ಹಾಕಿದ್ದ 85 ಸೆನೆಟರ್‌ಗಳಲ್ಲಿ ಒಬ್ಬರು.

2024ರ ರಿಪಬ್ಲಿಕನ್ ಪ್ರಣಾಳಿಕೆ ಓದುವಾಗ ಅಲ್ಲಿ ಇಲ್ಲದ್ದನ್ನು ಗಮನಿಸಬೇಕು. ಮದುವೆ ಒಂದು ಗಂಡು ಒಂದು ಹೆಣ್ಣಿನ ನಡುವಿನದ್ದು ಅನ್ನುವ ಹಳೇ ಸಾಲು ಮಾಯ. ಮದುವೆಯ ಪಾವಿತ್ರ್ಯ ಅಂತ ಮಾತ್ರ ಉಳಿದಿದೆ. ಯಾರೂ ಪತ್ರಿಕಾಗೋಷ್ಠಿ ಕರೆದು ಹೇಳಲಿಲ್ಲ. ಹಾಗಂತ ಗಾಳಿ ಒಂದೇ ಕಡೆ ಬೀಸುತ್ತಿದೆ ಅಂದುಕೊಳ್ಳಬೇಡಿ. 2021ರಲ್ಲಿ ಶೇ. 55 ರಿಪಬ್ಲಿಕನ್ನರು ಸಲಿಂಗ ಮದುವೆಗೆ ಸರಿ ಅಂದಿದ್ದರು, 2025ರಲ್ಲಿ ಅದು ಶೇ. 41ಕ್ಕೆ ಇಳಿಯಿತು. ಮದುವೆಯ ಸಾಲು ಹೋದ ಪ್ರಣಾಳಿಕೆಯಲ್ಲೇ ಟ್ರಾನ್ಸ್‌ಜೆಂಡರ್ ವಿಷಯದ ವಿರುದ್ಧ ಖಾರದ ಸಾಲುಗಳು ಬಂದಿವೆ. ಜಗಳ ನಿಂತಿಲ್ಲ, ಜಾಗ ಬದಲಿಸಿದೆ.

ಎಡಪಕ್ಷ ಅಂದರೆ ಮುಂದೆ ಅಂತೇನಿಲ್ಲ

ಬಲಪಂಥ ಅಡ್ಡಗಾಲು, ಎಡಪಂಥ ಬೆಂಬಲ ಅನ್ನುವುದು ಅರ್ಧ ಸತ್ಯ. ರಷ್ಯಾದ ಬೋಲ್ಶೆವಿಕರು ಕ್ರಾಂತಿಯ ನಂತರ ತ್ಸಾರ್ ಕಾಲದ ಕಾನೂನನ್ನು ಕಿತ್ತು ಹಾಕಿದರು, 1922ರ ದಂಡ ಸಂಹಿತೆಯಲ್ಲಿ ಸಲಿಂಗಕಾಮ ಅಪರಾಧವಾಗಿರಲಿಲ್ಲ. 1934ರಲ್ಲಿ ಸ್ಟಾಲಿನ್ ಕಾಲದಲ್ಲಿ ಮತ್ತೆ ಅಪರಾಧ ಮಾಡಿದರು. ಆಗ ಮಾಸ್ಕೋದಲ್ಲಿ ಪತ್ರಕರ್ತನಾಗಿದ್ದ ಹ್ಯಾರಿ ವೈಟ್ ಎಂಬ ಬ್ರಿಟಿಷ್ ಕಮ್ಯುನಿಸ್ಟ್, ಸಲಿಂಗಿಯೊಬ್ಬ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿರಲು ಯೋಗ್ಯನಾ ಅಂತ ಸ್ಟಾಲಿನ್‌ಗೆ ಉದ್ದದ ಕಾಗದ ಬರೆದ. ಸ್ಟಾಲಿನ್ ಅದರ ಮೇಲೆ ಗೀಚಿದ್ದು: ಕಡತಕ್ಕೆ ಹಾಕಿ, ಮೂರ್ಖ, ಕೆಟ್ಟುಹೋದವ. ಕ್ಯೂಬಾ ಕಮ್ಯುನಿಸ್ಟರು 1960ರ ದಶಕದಲ್ಲಿ ಸಲಿಂಗಿಗಳನ್ನು ದುಡಿಮೆಯ ಶಿಬಿರಗಳಿಗೆ ಅಟ್ಟಿದ್ದರು. 2010ರಲ್ಲಿ ಫಿಡೆಲ್ ಕ್ಯಾಸ್ಟ್ರೋ ಆ ಅನ್ಯಾಯಕ್ಕೆ ತಾನೇ ಹೊಣೆ ಅಂದರು. 2022ರಲ್ಲಿ ಸುಮಾರು ಶೇ. 67 ಮತದಿಂದ ಅಲ್ಲಿ ಸಲಿಂಗ ಮದುವೆ ಕಾನೂನಾಯಿತು.

ಆಸ್ಟ್ರೇಲಿಯಾದಲ್ಲಿ 2004ರಲ್ಲಿ ಮದುವೆ ಗಂಡು ಹೆಣ್ಣಿಗೆ ಮಾತ್ರ ಅಂತ ಕಾನೂನು ತಿದ್ದಿದಾಗ ಲೇಬರ್ ಪಕ್ಷವೂ ಕೈ ಎತ್ತಿತ್ತು. ಅದೇ ಪಕ್ಷದ ಪೆನ್ನಿ ವಾಂಗ್ ಸ್ವತಃ ಲೆಸ್ಬಿಯನ್. ಆದರೂ ಪಕ್ಷದ ಶಿಸ್ತಿಗೆ ಕಟ್ಟುಬಿದ್ದು, ಮಂತ್ರಿಯಾಗಿದ್ದಾಗ ತನ್ನ ಮದುವೆಗೇ ಅಡ್ಡ ನಿಂತ ನಿಲುವನ್ನು ಕ್ಯಾಮೆರಾ ಮುಂದೆ ಸಮರ್ಥಿಸಬೇಕಾಯಿತು. 2017ರಲ್ಲಿ ಅಂಚೆ ಮೂಲಕ ಜನರ ಅಭಿಪ್ರಾಯ ಕೇಳಿದಾಗ ಶೇ. 61.6 ಮಂದಿ ಹೌದು ಅಂದರು. ಫಲಿತಾಂಶ ಕೇಳಿ ಪೆನ್ನಿ ವಾಂಗ್ ಅತ್ತರು. ವಿರೋಧದ ಮುಂಚೂಣಿಯಲ್ಲಿದ್ದ ಮಾಜಿ ಪ್ರಧಾನಿ ಟೋನಿ ಅಬಾಟ್ ಅವರ ಕ್ಷೇತ್ರದಲ್ಲೇ ಶೇ. 75 ಹೌದು ಬಂದಿತ್ತು. ಸಂಸತ್ತಿನಲ್ಲಿ ಅಂತಿಮ ಮತದ ಹೊತ್ತಿಗೆ ಅಬಾಟ್ ಎದ್ದು ಹೊರಗೆ ಹೋದರು. ಅದೂ ಒಂದು ಬಾಗಿಲೇ, ನಿಜವಾದ ಬಾಗಿಲು.

ನನಗೆ ಜಾಸ್ತಿ ಇಷ್ಟವಾಗುವುದು ದಕ್ಷಿಣ ಆಫ್ರಿಕಾ. ಬರ್ಮಂಡ್ಸಿಯಲ್ಲಿ ಸೋತ ಪೀಟರ್ ಟ್ಯಾಚೆಲ್ ಇಲ್ಲಿ ಮತ್ತೆ ಬರುತ್ತಾರೆ. 1987ರಲ್ಲಿ ಅವರು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ ನಾಯಕಿ ರೂತ್ ಮೊಂಪಾಟಿಯನ್ನು ಲಂಡನ್ನಿನಲ್ಲಿ ಸಂದರ್ಶಿಸಿದರು. ಸಲಿಂಗಿಗಳ ಹಕ್ಕನ್ನು ಮೊಂಪಾಟಿ ತಳ್ಳಿಹಾಕಿದರು. ಅದು ಪ್ರಕಟವಾದಾಗ, ವರ್ಣಭೇದದ ವಿರುದ್ಧ ಇವರ ಜೊತೆ ನಿಂತಿದ್ದ ಯುರೋಪಿನ ಬೆಂಬಲಿಗರೇ ಸಿಟ್ಟಾದರು. ಟ್ಯಾಚೆಲ್ ಪಕ್ಷದ ಇನ್ನೊಬ್ಬ ನಾಯಕ ಥಾಬೋ ಎಂಬೆಕಿಗೆ ಕಾಗದ ಬರೆದರು. ನವೆಂಬರಿನಲ್ಲಿ ಉತ್ತರ ಬಂತು: ಎಲ್ಲ ಬಗೆಯ ತಾರತಮ್ಯ ತೊಲಗಿಸಲು ಪಕ್ಷ ಬದ್ಧವಾಗಿದೆ, ಸಲಿಂಗಿಗಳ ವಿಷಯದಲ್ಲೂ. ದೇಶದೊಳಗೆ ಸೈಮನ್ ನ್‌ಕೋಲಿ ಎಂಬ ಗೇ ಹೋರಾಟಗಾರ ವರ್ಣಭೇದ ವಿರೋಧಿ ನಾಯಕರ ಜೊತೆ ದೇಶದ್ರೋಹದ ಮೊಕದ್ದಮೆಯಲ್ಲಿ ಕಟಕಟೆಯಲ್ಲಿದ್ದರು. ಜೊತೆಯಲ್ಲಿ ಜೈಲಿನಲ್ಲಿದ್ದವರಿಗೇ ತಾನು ಗೇ ಅಂತ ಹೇಳಿಕೊಂಡಿದ್ದರು. ಆ ಜೈಲಿನ ಮಾತುಕತೆ ಎಂಬೆಕಿ ಕಾಗದಕ್ಕಿಂತ ಕಡಿಮೆ ಕೆಲಸ ಮಾಡಿಲ್ಲ.

1996ರ ಸಂವಿಧಾನ ಲೈಂಗಿಕ ಒಲವಿನ ಮೇಲೆ ತಾರತಮ್ಯ ಮಾಡಬಾರದು ಅಂತ ಬರೆದಿಟ್ಟಿತು. 2005ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಮದುವೆ ಕಾನೂನು ಸರಿಮಾಡಲು ಒಂದು ವರ್ಷ ಗಡುವು ಕೊಟ್ಟಿತು. 2006ರ ನವೆಂಬರಿನಲ್ಲಿ ಮಸೂದೆ 230ಕ್ಕೆ 41ರಿಂದ ಪಾಸಾಯಿತು. ಗಮನಿಸಬೇಕಾದದ್ದು, ಆಡಳಿತ ಪಕ್ಷ ಇಲ್ಲಿ ಆತ್ಮಸಾಕ್ಷಿಯ ನೆಪ ಹೇಳದೆ ವಿಪ್ ಕೊಟ್ಟೇ ಮತ ಹಾಕಿಸಿತು. ಎರಡು ತಿಂಗಳ ಹಿಂದಷ್ಟೇ ಅದೇ ಪಕ್ಷದ ಜೇಕಬ್ ಜುಮಾ ಸಲಿಂಗ ಮದುವೆ ದೇಶಕ್ಕೂ ದೇವರಿಗೂ ಅವಮಾನ ಅಂತ ಹೇಳಿ, ಆಮೇಲೆ ಕ್ಷಮೆ ಕೇಳಿದ್ದರು. ಜನರ ಮತಕ್ಕೆ ಬಿಟ್ಟಿದ್ದರೆ ಅಲ್ಲಿ ಏನಾಗುತ್ತಿತ್ತೋ!

ಒಂದೇ ಸರ್ಕಾರ, ಎರಡು ಅಫಿಡವಿಟ್

ಭಾರತದಲ್ಲಿ ಕೋರ್ಟಿನ ಬಾಗಿಲೇ ಮುಖ್ಯ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ಸೆಕ್ಷನ್ 377 ವಿರುದ್ಧದ ಅರ್ಜಿ ದೆಹಲಿ ಹೈಕೋರ್ಟಿನಲ್ಲಿದ್ದಾಗ ಯುಪಿಎ ಸರ್ಕಾರದ ಗೃಹ ಇಲಾಖೆ ಕಾನೂನು ಇರಲಿ ಅಂದಿತು. ಅದೇ ಸರ್ಕಾರದ ಆರೋಗ್ಯ ಇಲಾಖೆ, ಜನ ಹೆದರಿ ಅಡಗಿಕೊಂಡರೆ ಎಚ್‌ಐವಿ ತಡೆಯುವುದು ಕಷ್ಟ ಅಂತ ಹೇಳಿತು. 2009ರಲ್ಲಿ ಹೈಕೋರ್ಟ್ ಸಲಿಂಗಿಗಳ ಪರ ತೀರ್ಪು ಕೊಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಆಗ ಸೋನಿಯಾ ಗಾಂಧಿ ಬೇಸರ ಹೇಳಿದರು, ಬಿಜೆಪಿ ಅಧ್ಯಕ್ಷ ರಾಜನಾಥ್ ಸಿಂಗ್ ತೀರ್ಪನ್ನು ಬೆಂಬಲಿಸಿದರು. 2014ರ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ ಮತ್ತು ಸಿಪಿಎಂ 377 ಬದಲಿಸುವ ಮಾತು ಕೊಟ್ಟವು.

2015ರ ಡಿಸೆಂಬರಿನಲ್ಲಿ ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಮಸೂದೆ ತರಲು ಹೋದರು. ಮಂಡಿಸುವುದಕ್ಕೇ ಒಪ್ಪಿಗೆ ಸಿಗಲಿಲ್ಲ, 71ಕ್ಕೆ 24. ಸಂಖ್ಯೆ ಕೂಡಿಸಿ ನೋಡಿ. ಐನೂರಕ್ಕೂ ಹೆಚ್ಚು ಸದಸ್ಯರ ಸದನದಲ್ಲಿ ಪರ, ವಿರೋಧ ಎರಡೂ ಸೇರಿ ನೂರು ಮತ ಇಲ್ಲ. 2018ರಲ್ಲಿ ವಿಷಯ ಮತ್ತೆ ಸುಪ್ರೀಂ ಕೋರ್ಟಿಗೆ ಬಂದಾಗ ಕೇಂದ್ರ ಸರ್ಕಾರ, ವಯಸ್ಕರ ಖಾಸಗಿ ಸಂಬಂಧದ ವಿಚಾರ ಕೋರ್ಟಿನ ವಿವೇಕಕ್ಕೆ ಬಿಟ್ಟದ್ದು ಎಂದಿತು. ಸೆಪ್ಟೆಂಬರ್ 6ರಂದು ಕೋರ್ಟು, ಅಂಥ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿತು. ಮದುವೆಯ ಪ್ರಶ್ನೆ ಬಂದಾಗ ಅದೇ ಸರ್ಕಾರ ಗಟ್ಟಿಯಾಗಿ ವಿರೋಧಿಸಿತು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಸಂಸತ್ತಿನ ಕೆಲಸ ಅಂತ ಹೇಳಿತು. ಚೆಂಡು ಅಂಗಳ ದಾಟಿ ವಾಪಸ್ ಬಂದಿದೆ. 2024ರ ಪ್ರಣಾಳಿಕೆಯಲ್ಲಿ ಕಾಂಗ್ರೆಸ್, ಎಲ್ಲರ ಜೊತೆ ಚರ್ಚಿಸಿ ಇಂಥ ಜೋಡಿಗಳ ಸಿವಿಲ್ ಯೂನಿಯನ್‌ಗೆ ಕಾನೂನು ತರುತ್ತೇವೆ ಎಂದಿತು. ಮದುವೆ ಅನ್ನುವ ಪದ ಬಳಸಲಿಲ್ಲ. 2004ರ ಬ್ರಿಟನ್ ನೆನಪಾಗುತ್ತದೆ ಅಲ್ವಾ?

ಹಿಮ್ಮುಖ

ಹಂಗೇರಿಯ ಫಿಡೆಸ್ 1988ರಲ್ಲಿ ಹುಟ್ಟಿದ್ದು ಕಮ್ಯುನಿಸ್ಟರನ್ನು ಎದುರಿಸುವ ಹುಡುಗರ ಉದಾರವಾದಿ ಪಕ್ಷವಾಗಿ. 35 ದಾಟಿದವರಿಗೆ ಸದಸ್ಯತ್ವವೇ ಇರಲಿಲ್ಲ. ಆ ಹುಡುಗರಿಗೆ ವಯಸ್ಸಾಯಿತು, ಉದಾರವಾದದಲ್ಲಿ ಮತಗಳಿಲ್ಲ ಅಂತ ಗೊತ್ತಾಯಿತು, ವಿಕ್ಟರ್ ಓರ್ಬಾನ್ ಪಕ್ಷವನ್ನು ಬಲಕ್ಕೆ ತಿರುಗಿಸಿದರು. ಅವರ ಸರ್ಕಾರ ಸಂವಿಧಾನದಲ್ಲೇ ಮದುವೆಯನ್ನು ಗಂಡು ಹೆಣ್ಣಿಗೆ ಸೀಮಿತ ಮಾಡಿತು. 2021ರಲ್ಲಿ ಮಕ್ಕಳಿಗೆ ಸಲಿಂಗಕಾಮದ ವಿಷಯ ತೋರಿಸಬಾರದು ಎಂಬ ಕಾನೂನು ತಂದಿತು. 2025ರ ಮಾರ್ಚಿನಲ್ಲಿ ಪ್ರೈಡ್ ಮೆರವಣಿಗೆ ನಿಷೇಧಿಸಲು ದಾರಿ ಮಾಡಿಕೊಂಡಿತು. ಜೂನ್ 28ರಂದು ಬುಡಾಪೆಸ್ಟ್‌ನಲ್ಲಿ ಜನಸಾಗರ ಮೆರವಣಿಗೆ ಹೊರಟೇ ಹೊರಟಿತು. ರಷ್ಯಾದ ಕೆಳಮನೆ 2013ರ 'ಪ್ರಚಾರ' ನಿಷೇಧ ಕಾನೂನನ್ನು ಪಾಸು ಮಾಡಿದ್ದು 436 ಮತಗಳಿಂದ, ವಿರೋಧ ಸೊನ್ನೆ. ಥ್ಯಾಚರ್ ಅವರ ಸೆಕ್ಷನ್ 28ಕ್ಕೂ ಈ ಕಾನೂನುಗಳ ಭಾಷೆಗೂ ಇರುವ ಹೋಲಿಕೆ ನೋಡಿದರೆ ಆಶ್ಚರ್ಯವಾಗುತ್ತದೆ. ಮಕ್ಕಳ ಹೆಸರು ಎಲ್ಲ ಕಡೆಯೂ ಮುಂದೆ.

ಮತ್ತೆ ಬರ್ಲಿನ್‌ಗೆ ಬರೋಣ. 2025ರ ಬೇಸಿಗೆಯಲ್ಲಿ ಸಿಡಿಯು ಮತ್ತೆ ಅಧಿಕಾರದಲ್ಲಿತ್ತು. ಪ್ರೈಡ್ ದಿನ ಸಂಸತ್ ಭವನದ ಮೇಲೆ ಕಾಮನಬಿಲ್ಲಿನ ಬಾವುಟ ಹಾರಿಸುವುದು ಬೇಡ ಅಂತ ಸಭಾಧ್ಯಕ್ಷೆ, ಸಿಡಿಯುವಿನ ಯೂಲಿಯಾ ಕ್ಲೋಕ್ನರ್ ತೀರ್ಮಾನಿಸಿದರು. ಸಂಸತ್ತು ಸರ್ಕಸ್ ಡೇರೆ ಅಲ್ಲ ಅಂತ ಚಾನ್ಸಲರ್ ಫ್ರೀಡ್ರಿಶ್ ಮೆರ್ಜ್ ದನಿಗೂಡಿಸಿದರು. ಒಂದಷ್ಟು ದಿನ ಜಗಳ ಬಾವುಟದ ಸುತ್ತಲೇ ನಡೆಯಿತು. ಆ ಹೊತ್ತಿಗೆ ಸಂಸತ್ತಿನಲ್ಲಿ ಸಿಡಿಯು ಮತ್ತು ಅದರ ಸೋದರ ಪಕ್ಷ ಸಿಎಸ್‌ಯು ಸೇರಿದ ಬಣದ ನಾಯಕರಾಗಿದ್ದವರು ಯೆನ್ಸ್ ಶ್ಪಾನ್. ಅವರು ತಮ್ಮ ಸಂಗಾತಿಯನ್ನು ಮದುವೆಯಾದದ್ದು 2017ರ ಡಿಸೆಂಬರಿನಲ್ಲಿ, ಮರ್ಕೆಲ್ ಕೆಂಪು ಕಾರ್ಡು ಹಾಕಿದ ಕಾನೂನಿನಡಿ.